ಅಕ್ಕ ಕೇಳಲಿಲ್ಲ ಎಂದರೆ ಬಿಟ್ಟುಕೊಟ್ಟಳು ಎಂದಲ್ಲ

ಕಡತವನ್ನು ಮೇಜಿನ ಮೇಲಿಟ್ಟು ಕುಳಿತ ಅಣ್ಣತಮ್ಮಂದಿರು ಹೇಳುವ ಮೊದಲ ಮಾತು, ನಾನು ವಕೀಲಿ ಶುರುಮಾಡಿದ ಈ ಇಪ್ಪತ್ತೆರಡು ವರ್ಷಗಳಲ್ಲಿ ಬದಲಾಗಿಲ್ಲ: "ಅಕ್ಕಂದಿರದು ಏನೂ ತಕರಾರಿಲ್ಲ ಮೇಡಂ. ಒಂದು ಸಹಿ ಬೇಕು, ಅಷ್ಟೇ." ಅಪ್ಪ ತೀರಿಕೊಂಡು ಹದಿನೈದು ವರ್ಷವಾಗಿರುತ್ತದೆ. ಪೌತಿ ಖಾತೆ ಹಿರಿಯ ಮಗನ ಹೆಸರಿಗೆ ಆಗಿರುತ್ತದೆ. ಈಗ ಊರ ಪಕ್ಕದಲ್ಲಿ ಬೈಪಾಸ್ ಬಂದಿದೆ. ಜಮೀನು ಕೊಳ್ಳಲು ಬಂದವರೋ ಸಾಲ ಕೊಡುವ ಬ್ಯಾಂಕಿನವರೋ ಹೆಣ್ಣುಮಕ್ಕಳ ಸಹಿ ಎಲ್ಲಿ ಎಂದು ಕೇಳಿದ್ದಾರೆ. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಆ ಪ್ರಶ್ನೆ ಎತ್ತಿರುವುದಿಲ್ಲ.

ವಂಶವೃಕ್ಷ ತೆಗೆದು ನೋಡುತ್ತೇನೆ. ಎಷ್ಟೋ ಸಲ ಅದರಲ್ಲಿ ಹೆಣ್ಣುಮಕ್ಕಳ ಹೆಸರೇ ಇರುವುದಿಲ್ಲ. ಮೋಸ ಮಾಡಬೇಕೆಂದೇ ಬಿಟ್ಟವರೂ ಇದ್ದಾರೆ. ಆದರೆ ನಾನು ಕಂಡ ಹೆಚ್ಚಿನವರು ಅಂಥವರಲ್ಲ. ಮನೆಯವರ ಹೆಸರು ಹೇಳಿ ಎಂದರೆ ಮದುವೆಯಾಗಿ ಹೋದ ಅಕ್ಕನ ಹೆಸರು ಅವರ ಬಾಯಿಗೆ ಬರುವುದೇ ಇಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನು ಅವರು ಕೂತು ಯೋಚಿಸಿ ಒಪ್ಪಿಕೊಂಡದ್ದಲ್ಲ, ಅದರೊಳಗೇ ಬೆಳೆದವರು.

ಹಿಂದೂ ಕುಟುಂಬಗಳ ಪಿತ್ರಾರ್ಜಿತ ಆಸ್ತಿಯ ಕಾನೂನು ಈಗ ಬಹುಪಾಲು ಜನರಿಗೆ ಗೊತ್ತಿದೆ, ಬೇಗ ಹೇಳಿ ಮುಗಿಸುತ್ತೇನೆ. ಮೈಸೂರು ಸಂಸ್ಥಾನ 1933ರಲ್ಲೇ ಕಾಯ್ದೆ ತಂದು ವಿಭಾಗದ ಹೊತ್ತಿನಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತ್ತು. 1994ರ ಕರ್ನಾಟಕದ ತಿದ್ದುಪಡಿ ಮಗಳನ್ನೂ ಮಗನಂತೆ ಹುಟ್ಟಿನಿಂದಲೇ ಹಕ್ಕುದಾರಳನ್ನಾಗಿ ಮಾಡಿತು, ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಮಾತ್ರ ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಗೆರೆಯನ್ನೂ ಅಳಿಸಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಿಭಾಗವಾಗಿದ್ದರೆ ಲೆಕ್ಕ ಬೇರೆ. ತಂದೆಯ ಸ್ವಯಾರ್ಜಿತಕ್ಕೆ ಉಯಿಲು ಇದ್ದರೆ ಲೆಕ್ಕ ಬೇರೆ. ದಾವೆ ತಡವಾಗಿದ್ದರೆ ಕಾಲಮಿತಿಯ ಪ್ರಶ್ನೆಯೂ ಏಳಬಹುದು. ನಿಮ್ಮ ಕಾಗದಗಳನ್ನು ನೋಡದೆ ಯಾವ ವಕೀಲರೂ ಖಚಿತವಾಗಿ ಏನನ್ನೂ ಹೇಳಲಾರರು.

ನನ್ನ ತಾಳ್ಮೆ ಕೆಡುವುದು ಇದರ ನಂತರದ ಮಾತಿಗೆ. "ಅಕ್ಕ ಇಷ್ಟು ವರ್ಷದಲ್ಲಿ ಒಂದು ದಿನವೂ ಪಾಲು ಕೇಳಲಿಲ್ಲ. ಅಂದರೆ ಅವಳಿಗೆ ಬೇಡ ಎಂದೇ ಅಲ್ಲವೇ ಮೇಡಂ?"

ಅಲ್ಲ. ಹಕ್ಕು ಇರುವುದು ಒಂದು, ಕೇಳುವುದು ಇನ್ನೊಂದು, ಬಿಟ್ಟುಕೊಡುವುದು ಮತ್ತೊಂದು. ಕೇಳದೇ ಇದ್ದ ಮಾತ್ರಕ್ಕೆ ಬಿಟ್ಟಂತಾಗುವುದಿಲ್ಲ. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಹಕ್ಕನ್ನು ಬಿಡುವ ಪತ್ರಕ್ಕೆ 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿ ಆಗಲೇಬೇಕು. ಇಂದು ನೂರು ರೂಪಾಯಿಗೆ ಯಾವ ಭೂಮಿ ಸಿಗುತ್ತದೆ? ಪಹಣಿಯಲ್ಲಿ ಹೆಸರಿಲ್ಲ ಎನ್ನುತ್ತಾರೆ. ಖಾತೆ ಇರುವುದು ಕಂದಾಯದ ಲೆಕ್ಕಕ್ಕೆ, ಅದರಲ್ಲಿ ಹೆಸರು ಸೇರಿದ್ದರಿಂದ ಹಕ್ಕು ಹುಟ್ಟುವುದಿಲ್ಲ, ಸೇರದಿದ್ದರಿಂದ ಸಾಯುವುದೂ ಇಲ್ಲ. ಮದುವೆಗೆ ಖರ್ಚು ಮಾಡಿದ್ದೇವೆ, ಚಿನ್ನ ಹಾಕಿದ್ದೇವೆ ಎನ್ನುತ್ತಾರೆ. ಮದುವೆ ಮಾಡಿಕೊಟ್ಟದ್ದರಿಂದ ಪಾಲು ತೀರಿತು ಎಂದು ಕಾನೂನು ಎಲ್ಲಿಯೂ ಹೇಳಿಲ್ಲ. ಇದನ್ನು ಒಂದೇ ಮನೆಯ ನಾಲ್ವರಿಗೆ ನಾಲ್ಕು ಸಲ ಬಿಡಿಸಿ ಹೇಳಿ ಕಳಿಸಿದ ದಿನವೂ ಬಾಗಿಲ ಬಳಿ ತಿರುಗಿ ನಿಂತು ಒಬ್ಬರು ಕೇಳುತ್ತಾರೆ: "ಆದರೂ ಅವಳೇ ಕೇಳಲಿಲ್ಲವಲ್ಲ?"

ಅವಳು ಏಕೆ ಕೇಳಲಿಲ್ಲ ಎಂದು ಒಂದು ಗಳಿಗೆ ಯೋಚಿಸಿ. ಮೊದಲ ಹೆರಿಗೆ ತವರಿನಲ್ಲಿ. ಗೌರಿ ಹಬ್ಬಕ್ಕೆ ಬಾಗಿನ ಬರಬೇಕಾದದ್ದು ತವರಿನಿಂದ. ಉತ್ತರ ಕರ್ನಾಟಕದ ಕಡೆ ಪಂಚಮಿಗೆ ಕರೆದೊಯ್ಯಲು ಅಣ್ಣ ಬರುತ್ತಾನೆಂದು ಹೆಣ್ಣುಮಕ್ಕಳು ದಾರಿ ಕಾಯುತ್ತಾರೆ. ಮಗಳ ಮದುವೆಯಲ್ಲಿ ಸೋದರಮಾವನಿಲ್ಲದಿದ್ದರೆ ಬೀಗರ ಎದುರು ತಲೆ ತಗ್ಗಿಸಬೇಕು. ಗಂಡನ ಮನೆಯಲ್ಲಿ ಮಾತು ವಿಕೋಪಕ್ಕೆ ಹೋದ ರಾತ್ರಿ ಹೋಗಿ ತಟ್ಟಲು ಒಂದು ಬಾಗಿಲು ಬೇಕು. ಇವುಗಳಲ್ಲಿ ಯಾವುದನ್ನೂ ಕಾನೂನು ಕೊಡುವುದಿಲ್ಲ, ಎಲ್ಲವೂ ಅಣ್ಣತಮ್ಮಂದಿರ ಕೈಯಲ್ಲಿವೆ. ಆ ಬಾಗಿಲು ಮುಚ್ಚದಿರಲಿ ಎಂದು ಅವಳು ವರ್ಷ ವರ್ಷ ಕಟ್ಟುವ ಕಂತೇ ಈ ಮೌನ. ಮನಸಾರೆ ಬಿಟ್ಟುಕೊಟ್ಟ ಅಕ್ಕಂದಿರನ್ನೂ ನೋಡಿದ್ದೇನೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಯಾರು ಮನಸಾರೆ ಬಿಟ್ಟರು, ಯಾರು ಹೆದರಿ ಬಿಟ್ಟರು ಎಂಬುದು ಅವರನ್ನು ಕೇಳದೆ ತಿಳಿಯುವುದಿಲ್ಲ.

ಅಣ್ಣನೂ ಇದೇ ಕಟ್ಟಿನೊಳಗೆ ಸಿಕ್ಕಿಕೊಂಡವನು. ತಂಗಿಗೆ ಸಮಪಾಲು ಕೊಡುತ್ತೇನೆಂದು ತಾನಾಗಿ ಬಂದ ಯುವಕನೊಬ್ಬ ವಾರ ಕಳೆದು ಚಿಕ್ಕಪ್ಪನ ಜೊತೆ ಬಂದ. ಚಿಕ್ಕಪ್ಪನಿಗೆ ಆ ಆಸ್ತಿಯಲ್ಲಿ ಒಂದು ಗುಂಟೆಯೂ ಬರಬೇಕಿರಲಿಲ್ಲ. "ಇವನು ಕೊಟ್ಟರೆ ನಾಳೆ ನಮ್ಮ ಮನೆಯ ಹೆಣ್ಣುಮಕ್ಕಳೂ ಕೇಳುತ್ತಾರೆ" ಎಂದರು. ಹುಡುಗ ತಲೆ ಎತ್ತಲಿಲ್ಲ. ರೂಢಿಯನ್ನು ಕಾಯುವುದು ಹೀಗೆ, ಸುತ್ತಲಿನವರು. ಇನ್ನೊಂದು ಮನೆಯಲ್ಲಿ ನಾದಿನಿಯರ ಸಹಿ ಬೇಗ ಆಗಲಿ ಎಂದು ಪಟ್ಟು ಹಿಡಿದಿದ್ದ ಸೊಸೆ, ಮಾತಿನ ನಡುವೆ, ತಾನು ಹಿಂದಿನ ವರ್ಷವಷ್ಟೇ ತನ್ನ ತವರಿನಲ್ಲಿ ಅಂಥದೇ ಪತ್ರಕ್ಕೆ ಸಹಿ ಹಾಕಿ ಬಂದದ್ದನ್ನು ಹೇಳಿದಳು. ಅಲ್ಲಿ ಬಿಟ್ಟದ್ದನ್ನು ಇಲ್ಲಿ ಉಳಿಸಿಕೊಳ್ಳಬೇಕು ಎಂಬ ಅವಳ ಲೆಕ್ಕವನ್ನು ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ.

ಹೆಣ್ಣಿಗೆ ಭೂಮಿಯ ಆಸೆ ಇರುವುದಿಲ್ಲ, ಅದು ಅವಳ ಸ್ವಭಾವ ಎಂದು ಹೇಳುವ ಹಿರಿಯರಿಗೆ ನಾನು ಘಟ್ಟದ ಕೆಳಗಿನ ಮಾತು ಹೇಳುತ್ತೇನೆ. ತುಳುನಾಡಿನ ಅಳಿಯಸಂತಾನ ಕಟ್ಟಿನಲ್ಲಿ ಕುಟುಂಬದ ಆಸ್ತಿ ಇಳಿಯುತ್ತಿದ್ದದ್ದು ಹೆಣ್ಣಿನ ಸಂತತಿಯಲ್ಲೇ. ಗಂಡಸು ಯಜಮಾನಿಕೆ ಮಾಡಿದರೂ ಅವನ ನಂತರ ಅದು ಅಕ್ಕತಂಗಿಯರ ಮಕ್ಕಳ ಕಡೆ ಹೋಗುತ್ತಿತ್ತು. ಘಟ್ಟ ಇಳಿದರೆ ಹೆಣ್ಣಿನ ಸ್ವಭಾವ ಬದಲಾಗುತ್ತದೆಯೇ?

ಹಾಗಾಗಿ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಅಕ್ಕತಂಗಿಯರ ಜೊತೆ ಒಬ್ಬೊಬ್ಬರಾಗಿ, ಬೇರೆ ಯಾರೂ ಇಲ್ಲದೆ ಮಾತನಾಡದ ಹೊರತು ಹಕ್ಕು ಖುಲಾಸೆ ಪತ್ರವನ್ನು ನೋಂದಣಿಗೆ ಕಳಿಸುವುದಿಲ್ಲ. ಇದರಿಂದ ಸಿಟ್ಟಾಗಿ ಬೇರೆ ವಕೀಲರ ಬಳಿ ಹೋದವರಿದ್ದಾರೆ. ಹೋಗಲಿ.

ಹೋದ ವರ್ಷ ಮೂವರು ಅಕ್ಕತಂಗಿಯರು ತಮ್ಮನ ಜೊತೆ ಬಂದಿದ್ದರು. ಹಿರಿಯವರಿಗೆ ಅರವತ್ತು ದಾಟಿತ್ತು. ಮೊದಲು ಅವರನ್ನೇ ಒಳಗೆ ಕರೆದೆ. ಕರಡನ್ನು ಪೂರ್ತಿ ಓದಿಸಿಕೊಂಡು ಅವರು ಕೇಳಿದರು: "ಸಹಿ ಹಾಕಿದ ಮೇಲೂ ಗೌರಿ ಹಬ್ಬಕ್ಕೆ ಕರೆಯುತ್ತಾನೆ ಎಂದು ಇದರಲ್ಲಿ ಒಂದು ಸಾಲು ಸೇರಿಸಬಹುದೇ ಅಮ್ಮ?" ಸರ್ವೆ ನಂಬರ್ ಬರೆಯಬಹುದು, ಚಕ್ಕುಬಂದಿ ಬರೆಯಬಹುದು, ಅದನ್ನು ಬರೆಯಲಾಗುವುದಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಜಮೀನೆಲ್ಲ ಅವನಿಗೇ ಇರಲಿ. ಬಾವಿ ಪಕ್ಕದ ಹತ್ತು ಗುಂಟೆ ತೆಂಗು ನನಗಿದ್ದರೆ ಸಾಕಿತ್ತು. ಆ ಸಸಿಗಳಿಗೆ ಅಮ್ಮನ ಜೊತೆ ನೀರು ಹೊತ್ತವಳು ನಾನು."

ಅವರು ಒಪ್ಪಿದ ಮೇಲೆ ತಮ್ಮನನ್ನು ಕರೆದು ವಿಷಯ ಹೇಳಿದೆ. ಅವನು ಅಕ್ಕನ ಮುಖ ನೋಡಿ, "ಒಂದು ಮಾತು ಕೇಳಿದ್ದರೆ ಕೊಡುತ್ತಿರಲಿಲ್ಲವೇ?" ಎಂದ.

"ಕೇಳಿ, ನೀನು ಇಲ್ಲ ಎಂದಿದ್ದರೆ ಆಮೇಲೆ ಯಾವ ಮುಖ ಇಟ್ಟುಕೊಂಡು ಊರಿಗೆ ಬರಲಿ?"

ಆ ಪತ್ರ ನೋಂದಣಿಯಾಗಲಿಲ್ಲ. ಅದರ ಬದಲು ವಿಭಾಗ ಪತ್ರ ಬರೆಸಿದೆವು. ಹತ್ತು ಗುಂಟೆಯನ್ನು ಅಳೆದು ಬೇರೆಯಾಗಿ ತೋರಿಸುವ ಸರ್ವೆ ಇಲಾಖೆಯ 11-ಇ ನಕ್ಷೆ ಆಗಬೇಕಿದ್ದರಿಂದ ಇನ್ನಷ್ಟು ತಿಂಗಳು ಹಿಡಿಯಿತು. ಅಂದು ಮಾತ್ರ, ನಾನು ಹೇಳುವ ಮೊದಲೇ, ಅವನು ಎದ್ದು ಬಾಗಿಲು ತೆರೆದು ಉಳಿದಿಬ್ಬರು ಅಕ್ಕಂದಿರನ್ನು ಒಳಗೆ ಕಳಿಸಿ, ತಾನು ಹೊರಗೆ ಹೋಗಿ ಕುಳಿತ.