ಪಿಆರ್ ಓದೋರು ಪ್ರೆಸ್‌ನೋಟ್‌ಗಿಂತ ಮೊದ್ಲು ಕಲೀಬೇಕಾದ್ದು

ನಮ್ಮ ಕಡೆ ಜರ್ನಲಿಸಂ ಎಂಎ ಸೇರೋ ಹುಡುಗ್ರು ಪಿಆರ್ (ಸಾರ್ವಜನಿಕ ಸಂಪರ್ಕ) ಪೇಪರ್ ಸುಲಭ ಅಂತ ತಿಳ್ಕೊಂಡಿರ್ತಾರ. ಪ್ರೆಸ್‌ನೋಟ್ ಬರೆಯೋದು, ಪತ್ರಿಕಾಗೋಷ್ಠಿ ಕರೆಯೋದು, ಸಾಹೇಬ್ರ ಫೋಟೋ ಪೇಪರ್‌ನ್ಯಾಗ ಬರೋಹಂಗ ನೋಡ್ಕೊಳ್ಳೋದು, ಇಷ್ಟ ಅಲ್ಲೇನ್ರಿ ಸರ್ ಅಂತಾರ. ಕೊಪ್ಪಳದ ಗಿಣಿಗೇರಿ ಸುತ್ತಮುತ್ತ, ತೋರಣಗಲ್ಲು, ಶಕ್ತಿನಗರ, ಹಟ್ಟಿ ಹಿಂಗ ಎಲ್ಲಿ ನೋಡಿದ್ರೂ ಕಾರ್ಖಾನೆ, ಗಣಿ, ವಿದ್ಯುತ್ ಸ್ಥಾವರ ಇರೋ ಸೀಮಿ ನಮ್ದು, ಇಲ್ಲಿ ಈ ವಿಷಯ ಓದಿದೋರಿಗೆ ಮಾಡೋಕೆ ಬೇಕಾದಷ್ಟು ಕೆಲ್ಸ ಐತಿ, ಆದ್ರ ಆ ಕೆಲ್ಸ ಏನು ಅನ್ನೋದು ತಿಳೀದೇ ಎರಡು ವರ್ಷ ಓದಿ ಹೊರಗ ಬರ್ತಾರಲ್ಲ, ಅದು ನಂಗ ಬೇಜಾರು.

ಪಿಆರ್ ಕ್ಲಾಸಿನ್ಯಾಗ ಮೊದ್ಲ ತಿಂಗಳದಾಗ ರೇಸ್ ಅನ್ನೋ ಸೂತ್ರ ಬರತೈತಿ. ಜಾನ್ ಮಾರ್ಸ್ಟನ್ ಅನ್ನೋ ಅಮೆರಿಕದ ಪ್ರೊಫೆಸರ್ 1963ರಾಗ ಕೊಟ್ಟದ್ದು. ರಿಸರ್ಚ್, ಆ್ಯಕ್ಷನ್, ಕಮ್ಯುನಿಕೇಶನ್, ಇವ್ಯಾಲ್ಯುಯೇಶನ್. ಎಲ್ಲಾರೂ ಬಾಯಿಪಾಠ ಮಾಡ್ತಾರ, ಐದು ಮಾರ್ಕ್ಸಿನ ಪ್ರಶ್ನೆ ಗ್ಯಾರಂಟಿ. ಆದ್ರ ಅದರ ಕ್ರಮ ಒಂದ್ಸಲ ನೋಡ್ರಿ, ಮಾತಾಡೋದು ಮೂರನೇ ಸ್ಥಾನದಾಗೈತಿ. ಅದಕ್ಕಿಂತ ಮುಂಚೆ ಜನ ಏನಂತಾರ ತಿಳ್ಕೊಬೇಕು, ಆಮ್ಯಾಲೆ ಸಂಸ್ಥೆ ಏನರ ಮಾಡ್ಬೇಕು, ಮಾಡಿದ್ಮ್ಯಾಲೆ ಅದನ್ನ ಹೇಳ್ಬೇಕು. ನನ್ನ ಇಷ್ಟು ವರ್ಷದ ಪಿಆರ್ ಕೆಲಸದಾಗ ನೋಡಿದ ಬಹುತೇಕ ಜಗಳ ಹುಟ್ಟಿದ್ದು ಮೊದಲಿನ ಎರಡು ಬಿಟ್ಟು ಸೀದಾ ಮೂರನೇದಕ್ಕ ಹೋಗಿದ್ದರಿಂದನ.

ಒಂದು ಉದಾಹರಣೆ ಹೇಳ್ತೀನಿ. ನಾ ಕೆಲಸ ಮಾಡಿದ ಒಂದು ಕಾರ್ಖಾನೆ ಮುಂದಿನ ಊರಿನೋರು ಸಿಟ್ಟಾಗಿದ್ರು. ಮ್ಯಾನೇಜ್‌ಮೆಂಟ್‌ನೋರು ಸಸಿ ನೆಡೋ ಕಾರ್ಯಕ್ರಮ ಮಾಡಿ ಪ್ರೆಸ್‌ನೋಟ್ ಕಳ್ಸಿಬಿಡೂನು ಅಂದ್ರು. ನಾ ಊರಿಗೆ ಹೋಗಿ ಕಟ್ಟಿ ಮ್ಯಾಲೆ ಕುಂತೆ, ಗಂಡಸರು ನೌಕರಿ ಬಗ್ಗೆ ಮಾತಾಡಿದ್ರು, ಧೂಳಿನ ಬಗ್ಗೆ ಮಾತಾಡಿದ್ರು, ಆದ್ರ ಹೆಣ್ಮಕ್ಕಳನ್ನ ಕೇಳಿದಾಗ ಗೊತ್ತಾತು ಮೂಲ ಸಿಟ್ಟು ಲಾರಿಗಳ ಮ್ಯಾಲೆ ಅಂತ, ಮುಂಜಾನೆ ಹುಡುಗ್ರು ಸಾಲಿಗೆ ಹೋಗೋ ಟೈಮಿಗೇ ಲೋಡ್ ಲಾರಿ ಸಾಲುಗಟ್ಟಿ ಬರ್ತಿದ್ವು, ತಾಯಂದ್ರು ಮಕ್ಕಳ ಕೈ ಹಿಡ್ಕೊಂಡು ರೋಡ್ ದಾಟಿಸಿ ಆಮ್ಯಾಲೆ ಕೂಲಿಗೆ ಹೋಗ್ಬೇಕು. ಲಾರಿ ಟೈಮ್ ಬದಲಿ ಮಾಡೋದು ಸಾಗಾಟ ನೋಡ್ಕೊಳ್ಳೋ ಲಾಜಿಸ್ಟಿಕ್ಸ್ ವಿಭಾಗದ ಕೆಲಸ, ಪಿಆರ್‌ಓ ಅಂದ್ರ ಸಾರ್ವಜನಿಕ ಸಂಪರ್ಕಾಧಿಕಾರಿದಲ್ಲ. ಆದ್ರ ಆ ಮಾತನ್ನ ಮೀಟಿಂಗ್‌ನ್ಯಾಗ ಇಟ್ಟು, ಹಟ ಹಿಡಿದು, ಟೈಮ್ ಬದಲಿ ಮಾಡ್ಸೋದು ಪಿಆರ್‌ಓ ಕೆಲಸ. ಮಾಡ್ಸಿದ್ವಿ. ಆಮ್ಯಾಲೆ ಪಂಚಾಯ್ತಿ ಬೋರ್ಡಿಗೆ ಒಂದು ಹಾಳಿ ಅಂಟಿಸಿದ್ರ ಸಾಕಾತು, ಪ್ರೆಸ್‌ನೋಟ್ ಬೇಕಾಗ್ಲೇ ಇಲ್ಲ. ಸ್ಟ್ರಾಟೆಜಿಕ್ ಕಮ್ಯುನಿಕೇಶನ್ ಅಂತ ಸಿಲೆಬಸ್‌ನ್ಯಾಗ ಬರೆದಿರ್ತಾರಲ್ಲ, ಅದು ಇದ. ನಿರ್ಧಾರ ಆಗೋ ಟೇಬಲ್ ಮುಂದ ನಿಮಗೊಂದು ಕುರ್ಚಿ ಇರ್ಬೇಕು, ನಿರ್ಧಾರ ಆದ್ಮ್ಯಾಲೆ ಕರೆದು ಇದನ್ನ ಚಂದಾಗಿ ಬರೀರಿ ಅಂದ್ರ ಅಷ್ಟೊತ್ತಿಗೆ ತಡ ಆಗಿರತೈತಿ.

ನಮ್ಮ ಜಿಲ್ಲೆಗಳ ವಿದ್ಯಾರ್ಥಿಗಳಿಗೆ ದೊಡ್ಡ ಪಾಠಶಾಲೆ ಅಂದ್ರ ಪರಿಸರ ಸಾರ್ವಜನಿಕ ಅಹವಾಲು ಸಭೆ. 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ದೊಡ್ಡ ಕಾರ್ಖಾನೆ, ಗಣಿಗೆ ಅನುಮತಿ ಕೊಡೋಕಿಂತ ಮುಂಚೆ ಸಾಮಾನ್ಯವಾಗಿ ಇದನ್ನ ನಡೆಸ್ಬೇಕು, ಕನಿಷ್ಠ 30 ದಿನ ಮುಂಚೆ ಪೇಪರ್‌ನ್ಯಾಗ ನೋಟಿಸ್ ಕೊಡ್ಬೇಕು, ಪರಿಸರ ಪರಿಣಾಮದ ವರದಿ ಸಾರಾಂಶ ಸ್ಥಳೀಯ ಭಾಷೆದಾಗ ಇರ್ಬೇಕು, ಜಿಲ್ಲಾಧಿಕಾರಿ ಇಲ್ಲಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮಿ ಇಲ್ಲದೋರು ಸಭೆ ನಡೆಸ್ಬೇಕು, ಪೂರ್ತಿ ವಿಡಿಯೋ ಆಗ್ಬೇಕು. ವಿದ್ಯಾರ್ಥಿಗಳು ಹೋಗಿ ಹಿಂದ ಕುಂತು ಕೇಳ್ರಿ. ಅದಕ್ಕಿಂತ ಮುಂಚೆ ಡಿಸಿ ಆಫೀಸಿಗೋ ಜಿಲ್ಲಾ ಪಂಚಾಯ್ತಿಗೋ ಹೋಗಿ ಆ ಕನ್ನಡ ಸಾರಾಂಶ ಓದ್ರಿ, ಮಾಪನದ ಸಂಖ್ಯೆಗಳು, ಟೇಬಲ್‌ಗಳು ಎಷ್ಟೋ ಇರ್ತಾವ. ಸಭೆದಾಗ ಜನ ಕೇಳೋದು ಬ್ಯಾರೆ: ನನ್ನ ಹತ್ತಿ ಕಪ್ಪಾದ್ರ ಯಾರು ರೇಟ್ ಕೊಡ್ತಾರ, ಬೋರಿನ ನೀರು ಇಳಿದ್ರ ಯಾರನ್ನ ಕೇಳ್ಬೇಕು, ಜಮೀನು ಕೊಟ್ಟ ಮನಿ ಹುಡುಗನಿಗೆ ಪರ್ಮನೆಂಟ್ ನೌಕರಿ ಕೊಡ್ತೀರೋ ಗುತ್ತಿಗಿದೋ. ಈ ಪ್ರಶ್ನೆಗೂ ಆ ವರದಿಗೂ ನಡುವೆ ಇರೋ ಅಂತರ ಅಳೆದು ಬರೆದ್ರ ಅದ ಒಂದು ಒಳ್ಳೇ ಡಿಸರ್ಟೇಶನ್, ಅಂದ್ರ ಸಂಶೋಧನಾ ಪ್ರಬಂಧ. ಗ್ರೂನಿಗ್ ಮತ್ತು ಹಂಟ್ ಅನ್ನೋ ಅಮೆರಿಕದ ವಿದ್ವಾಂಸರು 1984ರಾಗ ಹೇಳಿದ ಪಿಆರ್‌ನ ನಾಲ್ಕು ಮಾದರಿದಾಗ ಕೊನೇದು ಎರಡೂ ಕಡೆ ಸಮಾನವಾಗಿ ಮಾತು ಹರಿಯೋದು, ಅಂದ್ರ ಜನರ ಮಾತಿನಿಂದ ಸಂಸ್ಥೆನೂ ಬದಲಾಗ್ಬೇಕು. ನಮ್ಮ ಸಭೆ ಆ ನಾಲ್ಕರಾಗ ಯಾವುದಕ್ಕ ಹೊಂದತೈತಿ ಅಂತ ನೀವ ನೋಡಿ ನಿರ್ಧಾರ ಮಾಡ್ರಿ.

ಇನ್ನ ಕ್ರೈಸಿಸ್ ಕಮ್ಯುನಿಕೇಶನ್, ಅಂದ್ರ ಆಪತ್ತಿನ್ಯಾಗ ಜನರ ಜೊತಿ ಮಾತಾಡೋದು. 1982ರ ಟೈಲೆನಾಲ್ ಮಾತ್ರೆ ಪ್ರಕರಣ (ಅಮೆರಿಕದಾಗ ಯಾರೋ ಮಾತ್ರೆದಾಗ ವಿಷ ಬೆರೆಸಿ ಜನ ಸತ್ತಾಗ ಕಂಪನಿ ಮಾತ್ರೆ ವಾಪಸ್ ತಗೊಂಡದ್ದು) ಎಲ್ಲಾ ಕಡೆ ಓದಿಸ್ತಾರ, ಓದ್ರಿ, ಬ್ಯಾಡ ಅನ್ನಲ್ಲ. ಆದ್ರ ನಮ್ಮ ಮನಿ ಬಾಗಿಲಿಗೇ ಬಂದ ಪ್ರಕರಣ ಐತಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟಿನಾಗ 19ನೇದರ ಚೈನ್ ಕಟ್ಟಾಗಿ ಗೇಟೇ ಕೊಚ್ಚಿಹೋತು. ಡ್ಯಾಮ್ ಬಹುತೇಕ ತುಂಬಿತ್ತು, ಒತ್ತಡ ಇಳಿಸೋಕೆ ಉಳಿದ ಗೇಟೂ ತೆರೆದ್ರು, ಅರ್ಧಕ್ಕಿಂತ ಹೆಚ್ಚು ನೀರು ಖಾಲಿ ಮಾಡ್ಬೇಕಾದೀತು ಅನ್ನೋ ಮಾತು ಬಂತು, ಕೊನೆಗೆ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಾಗ ಹರಿಯೋ ನೀರಿನ್ಯಾಗನ ಸ್ಟಾಪ್ ಲಾಗ್ (ಗೇಟಿನ ಬದಲಿ ನೀರು ತಡಿಯೋ ಉಕ್ಕಿನ ಹಲಗಿ) ಇಳಿಸಿ ಸುಮಾರು ಒಂದು ವಾರದಾಗ ನೀರು ನಿಲ್ಲಿಸಿದ್ರು. ಇಲ್ಲಿ ಪಿಆರ್ ವಿದ್ಯಾರ್ಥಿ ಕೇಳ್ಬೇಕಾದ್ದು, ಯಾರಿಗೆ ಯಾವ ಮಾತು ಬೇಕಿತ್ತು ಅಂತ. ನದಿ ದಂಡಿ ಊರಿನೋರಿಗೆ ಎಷ್ಟು ಕ್ಯುಸೆಕ್ ಬಿಟ್ಟಾರ ಅನ್ನೋಕಿಂತ ನಾವು ಮನಿ ಬಿಡ್ಬೇಕೋ ಬ್ಯಾಡೋ ಅನ್ನೋದು ಬೇಕು. ಹೊಸಪೇಟೆ ಜನಕ್ಕ ಡ್ಯಾಮ್ ಗಟ್ಟಿ ಐತೋ ಇಲ್ಲೋ. ಎಡದಂಡೆ ಕಾಲುವೆ ಕೊನೆ ಭಾಗದ ಸಿಂಧನೂರು, ಮಾನ್ವಿ ರೈತರಿಗೆ ನಾಟಿ ಮಾಡಿದ ಭತ್ತಕ್ಕ ನೀರು ಸಿಗತೈತೋ, ಎರಡನೇ ಬೆಳಿ ಕಥಿ ಏನು. ಆಂಧ್ರ, ತೆಲಂಗಾಣದೋರಿಗೆ ಅವರ ಪಾಲಿನ ಚಿಂತಿ, ಅದೂ ತೆಲುಗಿನ್ಯಾಗ ಮುಟ್ಟಬೇಕು. ಒಂದ ಗೇಟು, ಇಷ್ಟು ಥರದ ಜನ. ಟಿಮೊತಿ ಕೂಂಬ್ಸ್ ಅನ್ನೋ ವಿದ್ವಾಂಸರು ಹೇಳೋ ಮೊದಲ ಮಾತೂ ಇದ: ಆಪತ್ತಿನ್ಯಾಗ ಮೊದ್ಲು ಜನ ಜೀವ ಉಳಿಸ್ಕೊಳ್ಳೋಕೆ ಏನ್ ಮಾಡ್ಬೇಕು ಹೇಳ್ರಿ, ಸಂಸ್ಥೆ ಹೆಸರಿನ ಚಿಂತಿ ಆಮ್ಯಾಲೆ. ಮುಂದಿನ ಸುದ್ದಿ ಎಷ್ಟು ಗಂಟೆಗೆ ಕೊಡ್ತೀವಿ ಅಂತನೂ ಹೇಳ್ಬೇಕು, ಅದನ್ನ ಹೇಳ್ಲಿಲ್ಲಂದ್ರ ಆ ಖಾಲಿ ಜಾಗಕ್ಕ ವಾಟ್ಸಾಪ್ ಬಂದು ಕುಂದರತೈತಿ.

ರೇಸ್ ಸೂತ್ರದ ಕೊನೇದು ಇವ್ಯಾಲ್ಯುಯೇಶನ್, ಆ ಅಳತಿ ವಿಷಯ ಸಣ್ಣದಾಗಿ ಹೇಳಿಬಿಡ್ತೀನಿ. ಪೇಪರ್ ಕಟಿಂಗ್‌ನ ಸ್ಕೇಲ್ ಹಿಡಿದು ಅಳೆದು, ಜಾಹೀರಾತು ರೇಟಿಗೆ ಗುಣಿಸಿ, ಇಷ್ಟು ಲಕ್ಷದ ಪ್ರಚಾರ ಆತು ಅಂತ ಸಾಹೇಬ್ರಿಗೆ ತೋರ್ಸೋದು ಇನ್ನೂ ನಡದೈತಿ. ಪಿಆರ್ ಕೆಲಸ ಅಳೆಯೋದ್ಹೆಂಗ ಅಂತ ಬ್ಯಾರೆ ಬ್ಯಾರೆ ದೇಶದ ಪಿಆರ್‌ನೋರು ಒಪ್ಪಿದ 2010ರ ಬಾರ್ಸಿಲೋನಾ ತತ್ವಗಳು ಇದು ಅಳತಿನ ಅಲ್ಲ ಅಂತ ಸ್ಪಷ್ಟ ಹೇಳ್ಯಾವ. ಲಾರಿ ಬಗ್ಗೆ ದೂರು ಕಡಿಮಿ ಆತೋ, ಜನ ಹೇಳಿದ್ದನ್ನ ನಂಬಿದ್ರೋ, ಅದನ್ನ ಅಳೀರಿ. ಅದಕ್ಕ ಸ್ವಲ್ಪ ಸ್ಟಾಟಿಸ್ಟಿಕ್ಸ್, ಪ್ರಶ್ನಾವಳಿ ಮಾಡೋ ಕಲೆ ಬೇಕು, ಎಲ್ಲಾರೂ ಹೆದರೋ ರಿಸರ್ಚ್ ಮೆಥಡಾಲಜಿ ಪೇಪರ್‌ನ್ಯಾಗ ಅದ ಇರೋದು, ದಯವಿಟ್ಟು ಅದನ್ನ ಗೈಡ್ ಓದಿ ಪಾಸ್ ಮಾಡ್ಬ್ಯಾಡ್ರಿ. ಪತ್ರಕರ್ತರಿಗೆ ಕವರ್ ಕೊಟ್ಟು ಸುದ್ದಿ ಹಾಕ್ಸೋದನ್ನ ಯಾರರ ಪಿಆರ್ ಅಂತ ಕಲಿಸಿದ್ರ ಅವರ ಹತ್ರ ಇಂಟರ್ನ್‌ಶಿಪ್ ಮಾಡೋದೂ ಬ್ಯಾಡ.

ಕನ್ನಡ ಮೀಡಿಯಂನೋರು ನಮಗ ಇದು ಆಗಂಗಿಲ್ಲ ಅಂತ ಹಿಂದ ಸರೀತಾರ. ಊರಿನ ಕಟ್ಟಿ ಮ್ಯಾಲೆ ಕುಂತು ಮಾತು ತಗೆಯೋದು ನಿಮಗ ಬರೋಷ್ಟು ಬೆಂಗಳೂರಿಂದ ಬಂದ ಏಜೆನ್ಸಿಯೋರಿಗೆ ಬರೋದಿಲ್ಲ, ಅದರ ಜೊತಿ ರಾಯಚೂರು ಬಳ್ಳಾರಿ ಹುಡುಗ್ರಿಗೆ ತೆಲುಗು, ಉರ್ದು ಒಂಚೂರು ಬಂದ ಇರತೈತಿ, ಪ್ಲಾಂಟಿನ ಸೇಫ್ಟಿ ಸಂದೇಶ ಬಿಹಾರ, ಒಡಿಶಾದಿಂದ ಬಂದ ಕೂಲಿಯೋರಿಗೂ ಮುಟ್ಟಬೇಕು ಅಂದಾಗ ಹಿಂದಿನೂ ಬೇಕಾಗತೈತಿ. ಆದ್ರ ಊರಿನ ಮಾತನ್ನ ಒಳಗ ಮುಟ್ಟಿಸೋದು ಇಂಗ್ಲಿಷಿನ್ಯಾಗ, ಒಂದು ಪುಟದ ನೋಟ್ ಸ್ಪಷ್ಟ ಬರೆಯೋಕೆ ಬರ್ಲೇಬೇಕು. ಬಳ್ಳಾರಿ ವಿಎಸ್‌ಕೆ ವಿವಿ ಇರ್ಲಿ, ಕಲಬುರಗಿ ಇರ್ಲಿ, ಸೇರಿದ ಮೊದಲ ಸೆಮಿಸ್ಟರ್‌ನಿಂದನ ದಿನಕ್ಕೊಂದು ಪುಟ ಬರೆದು ಮೇಷ್ಟ್ರಿಗೆ ತೋರ್ಸ್ರಿ. ಡಿಸರ್ಟೇಶನ್‌ಗೆ ಮೆಟ್ರೋ ನಗರದ ಬ್ರ್ಯಾಂಡ್ ಹಿಡ್ಕೊಂಡು ಕುಂದರಬ್ಯಾಡ್ರಿ. ಜಿಲ್ಲಾ ಖನಿಜ ಪ್ರತಿಷ್ಠಾನದ (ಗಣಿಯಿಂದ ತೊಂದ್ರಿ ಆದ ಊರಿಗೆ ಅಂತ ಗಣಿಯೋರು ಕಟ್ಟೋ ನಿಧಿ) ದುಡ್ಡಿನ ಬಗ್ಗೆ ಗಣಿ ಊರಿನೋರಿಗೆ ಎಷ್ಟು ಗೊತ್ತೈತಿ, ಕಾಲುವೆ ನೀರು ಬಿಡೋ ಸುದ್ದಿ ಕೊನೆ ಭಾಗದ ರೈತನಿಗೆ ಯಾರಿಂದ ಮುಟ್ಟತೈತಿ, ಈ ಎರಡರಾಗ ಒಂದು ತಗೊಂಡು ಸಂಡೂರಿಗೋ ಮಾನ್ವಿಗೋ ಬಸ್ ಹತ್ರಿ.