ಗೇಮಿಂಗ್ ಕಂಪ್ಯೂಟರ್: ಕೋಣೆಯ ಬಿಸಿಯಿಂದ ಲೆಕ್ಕ ಶುರು ಮಾಡಿ

ದುಬಾರಿ ಗೇಮಿಂಗ್ ಕಂಪ್ಯೂಟರ್ ಕಟ್ಟಿಸುವವರು ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡ್‌ನಿಂದ ಪಟ್ಟಿ ಶುರು ಮಾಡುತ್ತಾರೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ನಾವು ಕೋಣೆಯಿಂದ ಶುರು ಮಾಡಬೇಕು. ಫ್ಯಾನ್ ಇರಲಿ, ದ್ರವ ಹರಿಸಿ ಬಿಸಿ ಸಾಗಿಸುವ ಲಿಕ್ವಿಡ್ ಕೂಲರ್ ಇರಲಿ, ಯಾವುದೂ ಕಂಪ್ಯೂಟರ್‌ನ ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಚಿಪ್ಪಿನ ಬಿಸಿಯನ್ನು ಗಾಳಿಗೆ ದಾಟಿಸುವುದಷ್ಟೇ ಅವುಗಳ ಕೆಲಸ. ಹಾಗಾಗಿ ಯಾವುದೇ ಪರೀಕ್ಷೆಯ ತಾಪಮಾನವನ್ನು ‘ಕೋಣೆಗಿಂತ ಎಷ್ಟು ಹೆಚ್ಚು’ ಎಂದು ಓದುವುದನ್ನು ರೂಢಿಸಿಕೊಳ್ಳಿ.

ಒಂದು ಲೆಕ್ಕ ನೋಡೋಣ. 22 ಡಿಗ್ರಿಯ ಹವಾನಿಯಂತ್ರಿತ ಕೋಣೆಯಲ್ಲಿ ಪ್ರೊಸೆಸರ್ 72 ಡಿಗ್ರಿ ತೋರಿಸಿದರೆ ವ್ಯತ್ಯಾಸ 50. ಏಪ್ರಿಲ್ ಮಧ್ಯಾಹ್ನ ಆರ್‌ಸಿಸಿ ತಾರಸಿಯ ಕೆಳಗಿನ ನಮ್ಮ ಕೋಣೆ 37 ಮುಟ್ಟಿದಾಗ ಅದೇ ಪ್ರೊಸೆಸರ್, ಅದೇ ಕೂಲರ್, ಅದೇ ಫ್ಯಾನ್ ವೇಗದಲ್ಲಿ ಹೆಚ್ಚುಕಡಿಮೆ 87 ತೋರಿಸುತ್ತದೆ. ಎಎಂಡಿ ರೈಜೆನ್ 7 9800ಎಕ್ಸ್3ಡಿಗೆ ಕಂಪನಿ ಕೊಟ್ಟಿರುವ ಗರಿಷ್ಠ ಮಿತಿ 95. ಉಳಿದದ್ದು ಎಂಟೇ ಡಿಗ್ರಿ. ಮಿತಿ ಮುಟ್ಟಿದರೆ ಪ್ರೊಸೆಸರ್ ಸುಡುವುದಿಲ್ಲ, ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಆದರೆ ಆ ವೇಗಕ್ಕೆಂದೇ ಹಣ ಕೊಟ್ಟಿರುತ್ತೇವೆ.

ಆಟವೇ ಮುಖ್ಯ ಎನ್ನುವವರಿಗೆ ನಾನು ಸೂಚಿಸುವುದು ಇದೇ ಪ್ರೊಸೆಸರನ್ನು. ಇದರ ಟಿಡಿಪಿ (ಕೂಲರ್ ಆರಿಸಲೆಂದು ಕಂಪನಿ ಕೊಡುವ ಬಿಸಿಯ ಅಳತೆ) 120 ವ್ಯಾಟ್. ಇಂಟೆಲ್ ಕೋರ್ ಐ9-14900ಕೆ ಪೂರ್ಣ ಹೊರೆಯಲ್ಲಿ 253 ವ್ಯಾಟ್‌ವರೆಗೆ ಎಳೆಯಬಲ್ಲದು. ಆಟಗಳಲ್ಲಿ ಅಷ್ಟು ಎಳೆಯುವುದಿಲ್ಲ ನಿಜ, ಆದರೂ ನಮ್ಮ ಬೇಸಿಗೆಗೆ ಕಡಿಮೆ ಬಿಸಿಯಾಗುವುದೇ ಮೇಲು. ರಚನೆಯಲ್ಲೂ ಕಲಿಯುವಂಥದ್ದಿದೆ: 2023ರ 7800ಎಕ್ಸ್3ಡಿಯಲ್ಲಿ ಹೆಚ್ಚುವರಿ ಕ್ಯಾಶ್ ಮೆಮೊರಿ (ಚಿಪ್ಪಿನೊಳಗಿನ ಅತಿ ವೇಗದ ಮೆಮೊರಿ) ಲೆಕ್ಕ ಮಾಡುವ ಕೋರ್‌ಗಳ ಮೇಲೆ ಕೂತು ಬಿಸಿಗೆ ಅಡ್ಡವಾಗುತ್ತಿತ್ತು. 2024ರ 9800ಎಕ್ಸ್3ಡಿಯಲ್ಲಿ ಅದನ್ನು ಕೆಳಗೆ ಇಟ್ಟರು. ಕೋರ್‌ಗಳು ಕೂಲರ್‌ಗೆ ಹತ್ತಿರವಾದವು.

ಗ್ರಾಫಿಕ್ಸ್ ಕಾರ್ಡ್ ಬಿಸಿಯ ದೊಡ್ಡ ಮೂಲ. ಎನ್‌ವಿಡಿಯಾ ಆರ್‌ಟಿಎಕ್ಸ್ 5080ರ ಬಳಕೆ 360 ವ್ಯಾಟ್, 5090ರದು 575. ಎಳೆದ ವಿದ್ಯುತ್ತೆಲ್ಲ ಕೊನೆಗೆ ಕೋಣೆಗೆ ಬಿಸಿಯಾಗಿಯೇ ಇಳಿಯುತ್ತದೆ. 5090 ಇರುವ ಯಂತ್ರ 800 ವ್ಯಾಟ್ ಎಳೆಯುವಾಗ ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಹೀಟರ್ ಹಚ್ಚಿಟ್ಟಂತೆಯೇ ಸರಿ. ಒಂದು ಟನ್ ಎಸಿ ಹೊರಹಾಕುವುದು ಸುಮಾರು 3,500 ವ್ಯಾಟ್ ಬಿಸಿ, ಅದರಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚನ್ನು ಈ ಯಂತ್ರವೇ ಕಬಳಿಸುತ್ತದೆ. ಎಸಿ ಇಲ್ಲದ ಕೋಣೆಗೆ 5080ರಲ್ಲೇ ನಿಲ್ಲಿಸಿ, ಉಳಿದ ಹಣವನ್ನು ಕ್ಯಾಬಿನೆಟ್‌ಗೂ, ಬಿಡಿಭಾಗಗಳಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ಗೂ ಹಾಕಿ ಎಂದು ಬಲವಾಗಿ ಹೇಳುತ್ತೇನೆ.

ಕ್ಯಾಬಿನೆಟ್ ಆರಿಸುವಾಗ ಮುಂಭಾಗ ಗಾಜಿನದೋ ಜಾಲರಿಯದೋ ಎಂಬುದನ್ನು ಮೊದಲು ನೋಡಿ. ಗಾಜು ಅಂಗಡಿಯಲ್ಲಿ ಥಳಥಳಿಸುತ್ತದೆ, ಗಾಳಿ ಬಿಡುವುದು ಜಾಲರಿ. ಜಾಲರಿ ಎಂದೊಡನೆ ನಮ್ಮ ಕಡೆ ಏಳುವ ಪ್ರಶ್ನೆ ಧೂಳಿನದು. ಗದಗ, ನವಲಗುಂದದ ಎರೆ ಮಣ್ಣಿನ ಧೂಳು ಬಲು ನುಣುಪು. ಬೇಸಿಗೆ ಗಾಳಿಗೆ ಎದ್ದರೆ ಕಿಟಕಿ ಮುಚ್ಚಿದ್ದರೂ ಒಳಗೆ ಬರುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿಯ ಹೊತ್ತಿಗೆ ಮಾರುಕಟ್ಟೆಯ ಸುತ್ತಲಿನ ಗಾಳಿಯಲ್ಲಿ ಘಾಟಿನ ಜೊತೆ ಪುಡಿಯೂ ತೇಲುತ್ತದೆ. ಇದಕ್ಕೆ ಉಪಾಯ ಒಳಗೆ ಬರುವ ಗಾಳಿ ಹೊರಹೋಗುವುದಕ್ಕಿಂತ ತುಸು ಹೆಚ್ಚಿರುವಂತೆ ಮಾಡುವುದು. ಮುಂದೆ 140 ಮಿ.ಮೀ.ನ ಮೂರು ಫ್ಯಾನ್ ಗಾಳಿ ಎಳೆಯಲಿ, ಹಿಂದೆ ಒಂದು, ಮೇಲೆ ಹಿಂಬದಿಗೆ ಒಂದು ಹೊರದೂಡಲಿ. ಆಗ ಕ್ಯಾಬಿನೆಟ್‌ನ ಸಂದುಗಳಿಂದ ಗಾಳಿ ಹೊರಕ್ಕೇ ಹರಿಯುತ್ತದೆ. ಧೂಳು ಬರಬೇಕಾದರೆ ಫಿಲ್ಟರ್ ದಾಟಿಯೇ ಬರಬೇಕು, ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಫಿಲ್ಟರನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ಅದರ ಜಾಲರಿಯ ರಂಧ್ರಗಳಲ್ಲಿ ಬೂದುಬಣ್ಣದ ಪೊರೆ ಕಂಡರೆ ತೊಳೆಯುವ ಕಾಲ ಬಂದಿದೆ. ನಲ್ಲಿಯ ಕೆಳಗೆ ಒಳಬದಿಯಿಂದ ಹೊರಬದಿಗೆ ನೀರು ಬಿಟ್ಟು, ಪೂರ್ತಿ ಒಣಗಿದ ಮೇಲೆ ಹಾಕಿ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆಯಾದರೂ ಇದು ಬೇಕು. ಒಳಗೆ ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ತಡೆಹಿಡಿಯಿರಿ, ಗಾಳಿಯ ರಭಸಕ್ಕೆ ಅತಿವೇಗದಲ್ಲಿ ತಿರುಗಿದರೆ ಬೇರಿಂಗ್ ಕೆಡಬಹುದು. ಕ್ಯಾಬಿನೆಟ್ ನೆಲದ ಮೇಲೆ ಬೇಡ, ಮೇಜಿನ ಮೇಲಿರಲಿ. ಕಸ ಗುಡಿಸುವಾಗ ಏಳುವ ಧೂಳೆಲ್ಲ ಕೆಳಗಿನ ಫಿಲ್ಟರ್‌ಗೇ ನುಗ್ಗುತ್ತದೆ.

ಲಿಕ್ವಿಡ್ ಕೂಲರ್ ಬೇಕೇ? 120 ವ್ಯಾಟ್‌ನ ಪ್ರೊಸೆಸರ್‌ಗೆ ಅದರ ಮೇಲೆ ಕೂರುವ, ಎರಡು ಗೋಪುರದ (ಲೋಹದ ಹಾಳೆಗಳ ಎರಡು ಕಟ್ಟಿನ) ಒಳ್ಳೆಯ ಏರ್ ಕೂಲರ್ ಸಾಕು. ಅದರಲ್ಲಿ ಕೆಡುವುದು ಫ್ಯಾನ್ ಮಾತ್ರ, ಊರಲ್ಲೇ ಬದಲಿ ಫ್ಯಾನ್ ತಂದು ಹಾಕಬಹುದು. ದ್ರವವನ್ನು ಸುತ್ತಿಸುವ ಪಂಪ್ ನಿಂತರೆ ಇಡೀ ಲಿಕ್ವಿಡ್ ಕೂಲರ್ ಬದಲಿಸಬೇಕು. ಆದರೂ 360 ಮಿ.ಮೀ. ರೇಡಿಯೇಟರ್ (ದ್ರವದ ಬಿಸಿಯನ್ನು ಗಾಳಿಗೆ ಬಿಡುವ ಭಾಗ) ಇರುವ ಲಿಕ್ವಿಡ್ ಕೂಲರ್ ಹಾಕುವವರು ಒಂದು ನಿಯಮ ಮರೆಯಬಾರದು: ಪಂಪ್ ಎಂದಿಗೂ ಅತಿ ಎತ್ತರದ ಭಾಗವಾಗಿರಕೂಡದು. ಒಳಗಿನ ಗಾಳಿಗುಳ್ಳೆಗಳು ಮೇಲಕ್ಕೇ ಸೇರುತ್ತವೆ. ಅವು ರೇಡಿಯೇಟರ್‌ನ ತುದಿಯಲ್ಲಿದ್ದರೆ ತೊಂದರೆಯಿಲ್ಲ, ಪಂಪ್‌ನಲ್ಲಿ ಸೇರಿದರೆ ಸದ್ದು ಮಾಡುತ್ತಾ ಪಂಪ್ ಸವೆಯುತ್ತದೆ.

ನಮ್ಮಲ್ಲಿ ನೀರಿನ ಏರ್ ಕೂಲರ್ ಮನೆಮನೆಯಲ್ಲಿದೆ. ಒಣಹವೆಯಲ್ಲಿ ಅದು ಕೋಣೆಯ ಬಿಸಿಯನ್ನು ನಿಜಕ್ಕೂ ಇಳಿಸುತ್ತದೆ, ಕಂಪ್ಯೂಟರ್‌ಗೂ ಲಾಭ. ತೇವದ ಭಯ ಅತಿಯಾಗಿ ಬೇಡ, ಚಾಲೂ ಇರುವ ಬಿಡಿಭಾಗಗಳು ಗಾಳಿಗಿಂತ ಬಿಸಿಯಿರುವುದರಿಂದ ಅವುಗಳ ಮೇಲೆ ಹನಿಗಟ್ಟುವುದಿಲ್ಲ. ಆದರೆ ಕೂಲರ್‌ನ ಮುಖ ನೇರವಾಗಿ ಕ್ಯಾಬಿನೆಟ್‌ನತ್ತ ಇರಬಾರದು, ತುಂತುರು ಸಿಡಿಯಬಹುದು.

ವಿದ್ಯುತ್ತಿನ ಮಾತು ಚಿಕ್ಕದು. 5080ಕ್ಕೆ 850 ವ್ಯಾಟ್, 5090ಕ್ಕೆ 1,000 ವ್ಯಾಟ್ ಎಸ್‌ಎಂಪಿಎಸ್ ಇರಲಿ ಎಂದು ಎನ್‌ವಿಡಿಯಾ ಹೇಳುತ್ತದೆ. ಕಾರ್ಡ್‌ನ 16 ಪಿನ್ ಪ್ಲಗ್ ಸಂದಿಲ್ಲದಂತೆ ಪೂರ್ತಿ ಕೂರಬೇಕು, ಅದರ ಬುಡದಲ್ಲೇ ತಂತಿ ಬಗ್ಗಿಸಬಾರದು. ಯುಪಿಎಸ್ ಪ್ಯೂರ್ ಸೈನ್ ವೇವ್‌ನದಾಗಿರಲಿ, ಅಂದರೆ ಮನೆಯ ವಿದ್ಯುತ್ತಿನಂತೆ ನಯವಾದ ಅಲೆ ಕೊಡುವಂಥದ್ದು. ಸ್ಕ್ವೇರ್ ವೇವ್ ಇನ್ವರ್ಟರ್ ಇಂಥ ಎಸ್‌ಎಂಪಿಎಸ್‌ಗೆ ಹೊಂದುವುದಿಲ್ಲ. ಸಾಕೆಟ್‌ಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಮೊದಲೇ ಪರೀಕ್ಷಿಸಿಕೊಳ್ಳಿ.

ಜೋಡಿಸಿದ ಮೇಲೆ ಅರ್ಧ ಗಂಟೆ ಭಾರೀ ಆಟ ಓಡಿಸಿ, ಕೋಣೆಯ ತಾಪಮಾನದ ಜೊತೆಗೆ ಪ್ರೊಸೆಸರ್ ಮತ್ತು ಕಾರ್ಡ್‌ನ ತಾಪಮಾನ ಬರೆದುಕೊಳ್ಳಿ. ಬಳಿಕ ಕ್ಯಾಬಿನೆಟ್‌ನ ಪಕ್ಕದ ಗಾಜು ತೆಗೆದು ಮತ್ತೆ ಅದೇ ಆಟ ಓಡಿಸಿ. ಒಂದೆರಡು ಡಿಗ್ರಿ ಇಳಿದರೆ ಗಾಳಿಯ ಹರಿವು ಚೆನ್ನಾಗಿದೆ. ಎಂಟು-ಹತ್ತು ಇಳಿದರೆ ಕೂಲರ್ ಬದಲಿಸಲು ಹೋಗಬೇಡಿ, ಫ್ಯಾನ್‌ಗಳ ಸಂಖ್ಯೆ, ದಿಕ್ಕು, ಮುಂದಿನ ಜಾಲರಿ ಇವನ್ನು ಸರಿಪಡಿಸಿ.