ಎಳೆ ಅಂದರೆ ಯಾವ ಎಳೆ?

ಸೀರೆಯಲ್ಲಿ ಎಳೆ ಎದ್ದರೆ ಸೀರೆ ಕೆಟ್ಟಿತು, ಬಾಣಲೆಯಲ್ಲಿ ಎಳೆ ಬಂದರೆ ಪಾಕ ಹದಕ್ಕೆ ಬಂತು. ಮಾತಿಗೆ ಇಷ್ಟು ಸಡಿಲ ನಡೆಯುತ್ತದೆ. ನೂಲಿನ ಕಸುಬಿನಲ್ಲಿ ಮಾತ್ರ ನಾರು, ಎಳೆ, ನೂಲು ಮೂರನ್ನೂ ಒಂದೇ ಅಂದುಕೊಂಡರೆ ದುಡ್ಡು ಹೋಗುತ್ತದೆ.

ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ತಂದ ಹತ್ತಿಯದು ನಾರು. ಉದ್ದ ಸಾಮಾನ್ಯವಾಗಿ 25ರಿಂದ 30 ಮಿಲಿಮೀಟರ್, ಹೆಬ್ಬೆರಳಿನ ಒಂದು ಗೆಣ್ಣು. ಹುರಿ ಕೊಟ್ಟರಷ್ಟೇ ಅದು ನೂಲು. ಹುರಿ ಸಾಲದಿದ್ದರೆ ಮಗ್ಗದಲ್ಲಿ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಪದೇಪದೇ ಕಡಿಯುತ್ತದೆ. ಹೆಚ್ಚಾದರೆ ನೂಲು ತನಗೆ ತಾನೇ ಸುತ್ತಿಕೊಂಡು ಗಂಟಾಗುತ್ತದೆ. ಉಣ್ಣೆಯೂ ನಾರೇ. ಚಳ್ಳಕೆರೆ ಕಡೆ ಕಂಬಳಿ ನೇಯುವವರು ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಬಳಿಯುವುದು ಎದ್ದ ನಾರು ಕೂರಲಿ ಎಂದೇ.

ರೇಷ್ಮೆಯದು ನಿಜವಾದ ಎಳೆ. ಒಳ್ಳೆಯ ಬೈವೋಲ್ಟೀನ್ (ವರ್ಷಕ್ಕೆ ಎರಡು ಪೀಳಿಗೆಯ ರೇಷ್ಮೆ ತಳಿ) ಗೂಡಿನಲ್ಲಿ ಕಡಿಯದೆ ಸುಮಾರು 1000 ಮೀಟರ್ ಬಿಚ್ಚಿಕೊಳ್ಳುತ್ತದೆ. ಒಂಟಿ ಎಳೆ 2–3 ಡೆನಿಯರ್ (ದಪ್ಪದ ಅಳತೆ, ಲೆಕ್ಕ ಮುಂದಿದೆ) ಅಷ್ಟೇ, ಹಾಗಾಗಿ ಎಂಟು-ಹತ್ತು ಗೂಡಿನ ಎಳೆ ಕೂಡಿಸಿ 20–22 ಡೆನಿಯರ್ ನೂಲು ತೆಗೆಯುತ್ತಾರೆ. ಒಂದು ಗೂಡು ಮುಗಿದದ್ದನ್ನು ನೋಡದೆ ಬಿಟ್ಟರೆ ಅಲ್ಲಿಂದ ನೂಲು ತೆಳ್ಳಗಾಗಿ ಸೀರೆಯ ಮೈಮೇಲೆ ಗೀರು ಬೀಳುತ್ತದೆ. ಹಸಿ ರೇಷ್ಮೆಯ ತೂಕದಲ್ಲಿ ಕಾಲು ಭಾಗದಷ್ಟು ಅಂಟು. ಸೋಪು ನೀರಲ್ಲಿ ಕುದಿಸಿ ಅದನ್ನು ಪೂರ್ತಿ ತೆಗೆಯದಿದ್ದರೆ ಬಣ್ಣ ಮಚ್ಚೆಮಚ್ಚೆಯಾಗಿ ಕೂರುತ್ತದೆ.

ನೂಲಿನ ದಪ್ಪ ಹೇಳುವ ನಂಬರಿನ ಲೆಕ್ಕದಲ್ಲಿ ಎಡವುವವರು ಬಹಳ. ಹತ್ತಿಯಲ್ಲಿ 40ನೇ ನಂಬರ್ ಅಂದರೆ 840 ಗಜದ 40 ಲಡಿಗೆ (ನೂಲಿನ ಸುರುಳಿಗೆ) ಒಂದು ಪೌಂಡ್ ತೂಕ. ನಂಬರ್ ಏರಿದಷ್ಟೂ ನೂಲು ಸಣ್ಣ. ಡೆನಿಯರ್ ಇದಕ್ಕೆ ಉಲ್ಟಾ. ಅದು 9000 ಮೀಟರಿನ ತೂಕ, ಗ್ರಾಂಗಳಲ್ಲಿ. ಏರಿದಷ್ಟೂ ದಪ್ಪ.

ಮೊಳಕಾಲ್ಮೂರು ರೇಷ್ಮೆ ಸೀರೆ ಎಂದು ಹೇಳಿ ಕೊಟ್ಟರೆ ಕುಚ್ಚಿನಿಂದ ಹಾಸಿನದೊಂದು ಎಳೆ, ಅಡ್ಡಕ್ಕೆ ಹೊಕ್ಕಿನದೊಂದು ಎಳೆ ತೆಗೆದು ಬೇರೆಬೇರೆಯಾಗಿ ಸುಡಿ. ಹಾಸೊಂದನ್ನೇ ನೋಡಿ ಸುಮ್ಮನಾದರೆ ಹೊಕ್ಕಿನ ಮೋಸ ತಪ್ಪಿಹೋಗುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ, ಇಲ್ಲವೇ ಮರದ ತಿರುಳಿನಿಂದ ಮಾಡಿದ ವಿಸ್ಕೋಸ್.

ಇನ್ನು ಬಾಣಲೆಯ ಎಳೆ. ಪಂಚಮಿಯ ರವೆ ಉಂಡೆಗೆ ಒಂದೆಳೆ ಪಾಕ ಸಾಕು: ಹನಿಯನ್ನು ಎರಡು ಬೆರಳ ನಡುವೆ ಒತ್ತಿ ಬಿಡಿಸಿದಾಗ ಒಂದೇ ಎಳೆ ಕಡಿಯದೆ ನಿಲ್ಲಬೇಕು. ಇಡೀ ಕಾಳಿನ ಶೇಂಗಾ ಉಂಡೆಗೆ ಅದು ಸಾಲದು. ನೀರಿಗೆ ಬಿಟ್ಟ ಬೆಲ್ಲದ ಹನಿ ಗಟ್ಟಿಯಾಗಿ, ತಟ್ಟೆಗೆ ಬಡಿದರೆ ಟಣ್ ಅನ್ನಬೇಕು. ಎಳೆ ಬಂತೆಂದು ಇಳಿಸಿದರೆ ಉಂಡೆ ಕಟ್ಟಿದ್ದಷ್ಟೇ ಬಂತು, ಡಬ್ಬಿಯಲ್ಲಿ ಮುದ್ದೆಯಾಗಿರುತ್ತದೆ.